ಸ್ಪೋರ್ಟಿ ಕಾರು: ತರುವ ಮುನ್ನ ಸಾಕುವ ಲೆಕ್ಕ

ದೀಪಾವಳಿ ಮುಗಿಯುತ್ತಿದ್ದಂತೆ ಹಾವೇರಿ ಜಿಲ್ಲೆಯ ಊರೂರಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳು ಶುರುವಾಗುತ್ತವೆ. ಕೊಬ್ಬರಿ ಹಾರ, ಬಣ್ಣದ ಬಲೂನು ಕಟ್ಟಿಸಿಕೊಂಡ ಹೋರಿ ಅಖಾಡದಲ್ಲಿ ಓಡುವುದು ಕೆಲವೇ ಸೆಕೆಂಡು. ಅಷ್ಟು ಹೊತ್ತಿನ ಓಟಕ್ಕಾಗಿ ಮಾಲೀಕ ವರ್ಷವಿಡೀ ಹಿಂಡಿ ತಿನ್ನಿಸಿ, ಕೆರೆಯಲ್ಲಿ ಈಜಿಸಿ, ಮೈ ತಿಕ್ಕಿ ಅದನ್ನು ಸಾಕಿರುತ್ತಾನೆ. ಅದಕ್ಕೇ ಹೋರಿ ತರುತ್ತೇನೆ ಎಂದು ಹೊರಟ ಹುಡುಗನಿಗೆ ಹಿರಿಯರು ಕೇಳುವುದು "ಎಷ್ಟಕ್ಕ ತರ್ತೀಯೋ?" ಎಂದಲ್ಲ, "ಸಾಕಾಕ ಆಗತೈತೇನೋ?" ಎಂದು.

ಕಾರಿನ ವಿಷಯದಲ್ಲಿ ಈ ಪ್ರಶ್ನೆಯನ್ನು ನಮ್ಮ ತಲೆಮಾರು ಕೇಳಿಕೊಳ್ಳುತ್ತಿಲ್ಲ. ನಾನು ಹಾನಗಲ್ ತಾಲ್ಲೂಕಿನವನು, ಮೆಕ್ಯಾನಿಕಲ್ ವಿಭಾಗದಲ್ಲಿ ಬಿಇ ಓದುತ್ತಿದ್ದೇನೆ. ಹಾಸ್ಟೆಲಿನಲ್ಲಿ ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಗೆಳೆಯರಿದ್ದಾರೆ. ರಾತ್ರಿ ಊಟವಾದ ಮೇಲೆ ಮಾತು ತಿರುಗಿ ತಿರುಗಿ ಕಾರಿಗೇ ಬರುತ್ತದೆ. ಯಾವುದು ನೂರು ಕಿ.ಮೀ. ವೇಗವನ್ನು ಎಷ್ಟು ಸೆಕೆಂಡಿನಲ್ಲಿ ಮುಟ್ಟುತ್ತದೆ, ಯಾವುದಕ್ಕೆ ಟರ್ಬೊ ಇದೆ, ಯಾವುದರ ಸೈಲೆನ್ಸರ್ ದನಿ ಚೆನ್ನಾಗಿದೆ ಎಂಬುದೆಲ್ಲ ಎಲ್ಲರಿಗೂ ಬಾಯಿಪಾಠ. ಅದೇ ಕಾರಿನ ಕ್ಲಚ್ ಬದಲಿಸಲು ಎಷ್ಟು ಖರ್ಚು, ಅದರ ಸರ್ವಿಸ್ ಸೆಂಟರ್ ನಮ್ಮೂರಿನಿಂದ ಎಷ್ಟು ದೂರ ಎಂದು ಕೇಳಿದರೆ ಕೋಣೆ ತಣ್ಣಗಾಗುತ್ತದೆ.

ಇದು ಬರೀ ಹುಡುಗರ ಹರಟೆಯಾಗಿದ್ದರೆ ಬರೆಯುವ ಅಗತ್ಯ ಇರಲಿಲ್ಲ. ಕೆಲಸ ಸಿಕ್ಕ ಆರೇ ತಿಂಗಳಿಗೆ ಕಾರು ತಂದ ಅಣ್ಣಂದಿರನ್ನು ನಮ್ಮ ಕಡೆ ನೋಡಿದ್ದೇನೆ. ಅವರಲ್ಲಿ ಕೆಲವರ ಕಂತನ್ನು ಈಗ ಅಪ್ಪನ ಗೋವಿನಜೋಳದ ದುಡ್ಡು ಕಟ್ಟುತ್ತಿದೆ. ಸಾಲದ ಬಗ್ಗೆ ಸರ್ವಜ್ಞ ಹೇಳಿದ್ದು ನಮ್ಮ ಹಿರೇಕೆರೂರು ಸೀಮೆಯ ಮಕ್ಕಳಿಗೆಲ್ಲ ಗೊತ್ತು. ಆದರೆ ಶೋರೂಮಿನ ಗಾಜಿನ ಮುಂದೆ ನಿಂತಾಗ ಅದು ಯಾರಿಗೂ ನೆನಪಾಗುವುದಿಲ್ಲ. ವೇಗದ ಕಾರಿನ ಆಸೆ ತಪ್ಪಲ್ಲ, ನನಗೂ ಇದೆ. ಆ ಆಸೆಗೆ ಒಂದು ಲೆಕ್ಕ ಬೇಕು ಎನ್ನುವುದಷ್ಟೇ ನನ್ನ ವಾದ.

ಸ್ಪೋರ್ಟಿ ಎಂದರೆ ಏನು?

ಕೆಂಪು ಹೊಲಿಗೆಯ ಸೀಟು, ಬಾನೆಟ್ ಮೇಲೆ ಎರಡು ಪಟ್ಟಿ, ಹಿಂದೊಂದು ಸ್ಪಾಯ್ಲರ್ ಇದ್ದ ಮಾತ್ರಕ್ಕೆ ಕಾರು ಸ್ಪೋರ್ಟಿ ಆಗುವುದಿಲ್ಲ. ಎಂಜಿನಿಯರಿಂಗ್ ಕಣ್ಣಿನಿಂದ ನೋಡಿದರೆ ಮುಖ್ಯವಾದವು ನಾಲ್ಕು: ತೂಕಕ್ಕೆ ತಕ್ಕ ಶಕ್ತಿ, ನೇರ ಉತ್ತರ ಕೊಡುವ ಸ್ಟೀರಿಂಗ್, ತಿರುವಿನಲ್ಲಿ ಹೊಯ್ದಾಡದ ಸಸ್ಪೆನ್ಶನ್, ಒತ್ತಿದಷ್ಟಕ್ಕೆ ನಿಲ್ಲಿಸುವ ಬ್ರೇಕು.

ನಮ್ಮ ಕೈಗೆಟಕುವ ಸ್ಪೋರ್ಟಿ ಕಾರುಗಳೆಲ್ಲ ಚಿಕ್ಕವೇ ಏಕೆ ಎಂಬುದಕ್ಕೂ ಕಾರಣವಿದೆ. 2006ರ ಕೇಂದ್ರ ಬಜೆಟ್‌ನಲ್ಲಿ ನಾಲ್ಕು ಮೀಟರ್ ಒಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಕಾರುಗಳಿಗೆ ಅಬಕಾರಿ ಸುಂಕ ಇಳಿಸಲಾಯಿತು. ಆ ಅಳತೆ ಈಗಲೂ ಉಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಚಿಕ್ಕ ಕಾರಿನ ಜಿಎಸ್‌ಟಿ 18% ಆದರೆ, ದೊಡ್ಡ ಕಾರಿಗೆ 40%. ಹಾಗಾಗಿ ಕಂಪನಿಗಳು ಎಂಜಿನ್ ಗಾತ್ರ ಹೆಚ್ಚಿಸದೆ, ಚಿಕ್ಕ ಎಂಜಿನ್ನಿಗೇ ಟರ್ಬೊ ಕೂರಿಸುವ ದಾರಿ ಹಿಡಿದವು.

ಆ ದಾರಿಯಲ್ಲಿ ಬಂದ ಕಾರುಗಳನ್ನು ಸಾಲಾಗಿ ನೋಡಿ. 2013ರಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, 105 ಪಿಎಸ್. 2015ರಲ್ಲಿ ಅಬಾರ್ಥ್ ಪುಂಟೊ, ಇದು ಮಾತ್ರ 1.4 ಲೀಟರ್ ಎಂಜಿನ್ನಿನಿಂದ 145ರ ಆಸುಪಾಸಿನ ಅಶ್ವಶಕ್ತಿ ಕೊಡುತ್ತಿತ್ತು. 2017ರಲ್ಲಿ ಮಾರುತಿ ಬಲೆನೊ ಆರ್‌ಎಸ್, 102 ಪಿಎಸ್. 2018ರಲ್ಲಿ ಕೊಯಮತ್ತೂರಿನ ಜಯೇಮ್ ಜತೆ ಸೇರಿ ಟಾಟಾ ಮಾಡಿದ ಟಿಯಾಗೊ ಜೆಟಿಪಿ. 2021ರಲ್ಲಿ ಹ್ಯುಂಡೈ ಐ20 ಎನ್ ಲೈನ್, 2024ರಲ್ಲಿ ಟಾಟಾ ಆಲ್ಟ್ರೋಜ್ ರೇಸರ್, ಎರಡೂ 120 ಪಿಎಸ್.

ಈಗ ಇದೇ ಪಟ್ಟಿಯನ್ನು ಇನ್ನೊಂದು ಕಡೆಯಿಂದ ಓದಿ. ಪೋಲೊ 2022ರಲ್ಲಿ ನಿಂತಿತು. ಪುಂಟೊ ಹೋಯಿತು, ಅದರ ಹಿಂದೆ ಫಿಯಟ್ ಹೆಸರೇ ನಮ್ಮ ಮಾರುಕಟ್ಟೆಯಿಂದ ಹೋಯಿತು. ಬಲೆನೊ ಆರ್‌ಎಸ್ ಮೂರು ವರ್ಷ ತುಂಬುವುದರೊಳಗೆ ಮುಗಿಯಿತು. ಜೆಟಿಪಿ ಇನ್ನೂ ಬೇಗ. ಓಡಿಸಲು ಚುರುಕಾದ ಫಿಗೊ ಕೊಟ್ಟ ಫೋರ್ಡ್ 2021ರಲ್ಲಿ ಇಲ್ಲಿನ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಸ್ಪೋರ್ಟಿ ಕಾರುಗಳು ನಮ್ಮ ದೇಶದಲ್ಲಿ ಕಡಿಮೆ ಮಾರಾಟವಾಗುತ್ತವೆ, ಬೇಗ ನಿಲ್ಲುತ್ತವೆ. ಕಡಿಮೆ ಮಾರಾಟವಾದ ಕಾರಿನ ಬಿಡಿಭಾಗ ಅಂಗಡಿಯಲ್ಲಿ ಕಾದು ಕುಳಿತಿರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ತಿಳಿಯಬೇಕಾದ ಸಂಗತಿ ಇದು.

ಇನ್ನೊಂದು ಲೆಕ್ಕ ತೂಕದ್ದು. 2024ರಲ್ಲಿ ಬಂದ ಹೊಸ ಸ್ವಿಫ್ಟ್‌ಗೆ 82 ಪಿಎಸ್ ಮಾತ್ರ. ಪೋಲೊ ಜಿಟಿಗೆ ಅದಕ್ಕಿಂತ 23 ಪಿಎಸ್ ಹೆಚ್ಚು. ಆದರೆ ಸ್ವಿಫ್ಟ್ ತೂಗುವುದು 920 ಕೆ.ಜಿ. ಆಸುಪಾಸು, ಪೋಲೊ ಜಿಟಿ ಸುಮಾರು 1,100 ಕೆ.ಜಿ. ಒಂದು ಟನ್ನಿಗೆ ಎಷ್ಟು ಶಕ್ತಿ ಎಂದು ಭಾಗಿಸಿದರೆ ಸ್ವಿಫ್ಟ್‌ಗೆ 89, ಪೋಲೊಗೆ 95. ಕಾಗದದ ಮೇಲಿನ 23ರ ಅಂತರ ರಸ್ತೆಯ ಮೇಲೆ 6ಕ್ಕೆ ಇಳಿಯಿತು. ಟರ್ಬೊಗೆ ಅದರದೇ ಲಾಭವಿದೆ ನಿಜ. ಕಡಿಮೆ ವೇಗದಲ್ಲೇ ಎಂಜಿನ್ ಗಟ್ಟಿಯಾಗಿ ಎಳೆಯುವುದರಿಂದ ಲಾರಿ ದಾಟುವಾಗ ಗೇರ್ ಇಳಿಸುವ ಕೆಲಸ ಕಡಿಮೆ. ಆದರೆ ಹಗುರ ಕಾರು ತಿರುವಿನಲ್ಲಿ ಚುರುಕು, ಟೈರು ಬ್ರೇಕು ಸವೆಯುವುದು ನಿಧಾನ, ಪೆಟ್ರೋಲ್ ಕುಡಿಯುವುದು ಕಡಿಮೆ. ಕಂಪನಿ ಜಾಹೀರಾತಿನಲ್ಲಿ ಹೇಳದ ಸ್ಪೋರ್ಟಿ ಗುಣ ಅದು.

ನಾಲ್ಕು ತಾಲ್ಲೂಕು, ನಾಲ್ಕು ದಾರಿ

ಬೆಂಗಳೂರಿನಲ್ಲಿ ಕುಳಿತವರು ಮಾಡುವ ವಿಮರ್ಶೆ ನಮಗೆ ಪೂರ್ತಿ ಒಗ್ಗುವುದಿಲ್ಲ. ಕಾರು ದಿನಾ ಓಡಬೇಕಾದದ್ದು ನಮ್ಮ ರಸ್ತೆಯ ಮೇಲೆ, ಕೆಟ್ಟರೆ ಹೋಗಬೇಕಾದದ್ದು ನಮಗೆ ಹತ್ತಿರದ ಊರಿಗೆ.

ಶಿಗ್ಗಾಂವಿಯವರು ಅದೃಷ್ಟವಂತರು. ರಾಷ್ಟ್ರೀಯ ಹೆದ್ದಾರಿ 48 ಮಗ್ಗುಲಲ್ಲೇ ಇದೆ, ಬಂಕಾಪುರದಿಂದ ತಡಸ ಕ್ರಾಸ್ ದಾಟಿ ಹುಬ್ಬಳ್ಳಿ ಮುಟ್ಟಲು ತಾಸು ಸಾಕು. ಬಹುತೇಕ ಎಲ್ಲ ದೊಡ್ಡ ಕಂಪನಿಗಳ ಸರ್ವಿಸ್ ಹುಬ್ಬಳ್ಳಿಯಲ್ಲಿ ಸಿಗುತ್ತದೆ. ಹೆದ್ದಾರಿಯಲ್ಲಿ ದಿನಾ ಓಡಾಡುವವರಿಗೆ ಟರ್ಬೊ ಕಾರು ಅರ್ಥಪೂರ್ಣ ಎನ್ನಬಹುದಾದ ತಾಲ್ಲೂಕು ನಮ್ಮ ನಾಲ್ಕರಲ್ಲಿ ಇದೊಂದೇ.

ಸವಣೂರಿನ ಕಥೆ ಬೇರೆ. ಹೆದ್ದಾರಿ ಬಿಟ್ಟು ಒಳಗೆ ಹೋದಂತೆ ಎರೆ ನೆಲ. ಎರೆಮಣ್ಣು ಮಳೆಗಾಲದಲ್ಲಿ ಹಿಗ್ಗಿ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದರ ಮೇಲಿನ ಡಾಂಬರು ಅಲೆಯಂತೆ ಏಳುತ್ತದೆ, ಅಂಚು ಕುಸಿಯುತ್ತದೆ. ದೊಡ್ಡ ಅಲಾಯ್ ಚಕ್ರಕ್ಕೆ ತೆಳು ಟೈರು ಹಾಕಿದ ಕಾರಿಗೆ ಇಂಥ ರಸ್ತೆ ಶತ್ರು. ಐ20 ಎನ್ ಲೈನ್‌ಗೆ 195/55 ಆರ್16 ಅಳತೆಯ ಟೈರು. ಇಲ್ಲಿ 55 ಎಂದರೆ ಟೈರಿನ ಪಕ್ಕೆಯ ಎತ್ತರ ಅದರ ಅಗಲದ 55%. ಸ್ವಿಫ್ಟ್‌ನ ಕೆಳಗಿನ ಮಾದರಿಗಳಿಗೆ 165/80 ಆರ್14. ನೋಡಲು ಬಡವಾಗಿ ಕಂಡರೂ ಆ ಎತ್ತರದ ಪಕ್ಕೆಯೇ ಗುಂಡಿಯ ಪೆಟ್ಟು ತಿಂದು ರಿಮ್ಮನ್ನು ಉಳಿಸುತ್ತದೆ.

ನಮ್ಮ ಹಾನಗಲ್ ಅರೆಮಲೆನಾಡು. ಶಿರಸಿ ದಾರಿಯಲ್ಲಿ ಮಳೆ, ತಿರುವು, ಎದುರಿಗೆ ಏಕಾಏಕಿ ಬರುವ ಬಸ್ಸು. ಇಲ್ಲಿ ಬೇಕಾದದ್ದು 120 ಪಿಎಸ್ ಅಲ್ಲ, ಒದ್ದೆ ರಸ್ತೆಯನ್ನು ಹಿಡಿಯುವ ಒಳ್ಳೆಯ ಟೈರು, ಎಬಿಎಸ್ ಇರುವ ಬ್ರೇಕು. ಹಿರೇಕೆರೂರಿನಿಂದ ಮಾಸೂರು ಹಾದು ಶಿಕಾರಿಪುರಕ್ಕೆ ಹೋಗುವ ದಾರಿಗೂ ಇದೇ ಮಾತು. ಮೇಲಾಗಿ ಹಿರೇಕೆರೂರಿನವರಿಗೆ ಹುಬ್ಬಳ್ಳಿ ಬಲು ದೂರ. ಯಾವ ಕಂಪನಿಯ ಸರ್ವಿಸ್ ರಾಣೆಬೆನ್ನೂರಿನಲ್ಲೋ ಹಾವೇರಿಯಲ್ಲೋ ಸಿಗುತ್ತದೆ ಎಂದು ನೋಡಿಯೇ ಅವರು ಕಾರು ಆರಿಸಬೇಕು.

ನಾಲ್ಕೂ ತಾಲ್ಲೂಕಿಗೆ ಸೇರಿದ ಅಪಾಯ ಒಂದಿದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹುರುಳಿ, ಜೋಳ ಹರವಿ ಒಕ್ಕಣೆ ಮಾಡುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಒಣ ಹುರುಳಿ ಹೊಟ್ಟು ಕಾರಿನ ಅಡಿಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ ಬೆಂಕಿ ಹತ್ತಿದ ಸುದ್ದಿ ಪ್ರತಿ ವರ್ಷ ಎಲ್ಲಾದರೂ ಓದುತ್ತೇವೆ. ಕಾರು ನೆಲಕ್ಕೆ ಹತ್ತಿರವಾದಷ್ಟೂ ಈ ಅಪಾಯ ಹೆಚ್ಚು. ಅಬಾರ್ಥ್ ಪುಂಟೊಗೆ ನೆಲದಿಂದ ಇದ್ದ ಅಂತರ 155 ಮಿ.ಮೀ. ಅಂಥ ಕಾರನ್ನು ಸ್ಪ್ರಿಂಗ್ ಕತ್ತರಿಸಿ ಇನ್ನೂ ಇಳಿಸುವವರೂ ಇದ್ದಾರೆ.

ನಂಬಿಕೆ ಎಂದರೆ ಕೆಡದಿರುವುದಷ್ಟೇ ಅಲ್ಲ

ಕೆಡದ ಯಂತ್ರ ಇಲ್ಲ. ಕೆಟ್ಟಾಗ ಎಷ್ಟು ದಿನದಲ್ಲಿ, ಎಷ್ಟು ದುಡ್ಡಿನಲ್ಲಿ, ಯಾರ ಕೈಯಲ್ಲಿ ಸರಿಹೋಗುತ್ತದೆ ಎಂಬುದೇ ನಂಬಿಕೆಯ ಅಳತೆ.

ನಮ್ಮ ಸೋದರಮಾವ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಆಟೋಮ್ಯಾಟಿಕ್ ಟರ್ಬೊ ಕಾರು ತಂದಿದ್ದರು. ಓಡುವಾಗ ಅದರಷ್ಟು ಸೊಗಸು ಬೇರೆ ಇಲ್ಲ. ಒಂದು ದಿನ ಗೇರ್ ಹಿಡಿಯುವುದು ಬಿಟ್ಟಿತು. ಹುಬ್ಬಳ್ಳಿಗೆ ಎಳೆದುಕೊಂಡು ಹೋಗಲು ಒಂದು ಲೆಕ್ಕ, ಗೇರ್‌ಬಾಕ್ಸಿನ ಬಿಡಿಭಾಗ ಹೊರಗಿನಿಂದ ತರಿಸಲು ಐದು ವಾರ, ಕೊನೆಯ ಬಿಲ್ಲು ಒಂದು ಎಕರೆಯ ಗೋವಿನಜೋಳದ ಹುಟ್ಟುವಳಿಗಿಂತ ಹೆಚ್ಚು. ನಮ್ಮೂರ ಗ್ಯಾರೇಜಿನ ಕಾಕಾ ಬಾನೆಟ್ ಎತ್ತಿ ನೋಡಿ ಹೇಳಿದ್ದು ಇಷ್ಟೇ: "ತಮ್ಮಾ, ಗಾಡಿ ಚಲೋ ಐತಿ, ಖರೆ. ಆದ್ರ ಇದರ ಕೀಲಿ ನನ್ನ ಕೈಯಾಗ ಇಲ್ಲ."

ಆ ಮಾತಿನಲ್ಲಿ ದೊಡ್ಡ ಪಾಠವಿದೆ. ಟರ್ಬೊ ಎಂದರೆ ಎಂಜಿನ್ನಿನ ಹೊಗೆಯ ರಭಸಕ್ಕೆ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುವ ಪುಟ್ಟ ಚಕ್ರ. ಅದರ ಬೇರಿಂಗ್ ಬದುಕುವುದು ಎಂಜಿನ್ ಆಯಿಲ್ ಮೇಲೆ. ಆಯಿಲ್ ಬದಲಿಸುವುದನ್ನು ಮುಂದೂಡಿದರೆ, ಅಗ್ಗದ ಆಯಿಲ್ ಹಾಕಿದರೆ, ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ತಕ್ಷಣ ಎಂಜಿನ್ ಆರಿಸುತ್ತಿದ್ದರೆ ಅದರ ಆಯುಷ್ಯ ಕರಗುತ್ತದೆ. ಮೊದಲ ಮಾಲೀಕ ಮಾಡಿದ ಅಸಡ್ಡೆಯ ಬಿಲ್ಲು ಎರಡನೆಯವರ ಹೆಸರಿಗೆ ಬರುತ್ತದೆ. ಟರ್ಬೊ ಇಲ್ಲದ ಎಂಜಿನ್ ಇಂಥ ಅಸಡ್ಡೆಯನ್ನು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ.

ಗೇರ್‌ಬಾಕ್ಸ್ ವಿಷಯದಲ್ಲೂ ಹಾಗೆಯೇ. ಪೋಲೊ ಜಿಟಿ ಟಿಎಸ್‌ಐನಲ್ಲಿದ್ದ ಏಳು ಗೇರಿನ ಡಿಎಸ್‌ಜಿ ಕಣ್ಣು ಮಿಟುಕಿಸುವುದರೊಳಗೆ ಗೇರ್ ಬದಲಿಸುತ್ತಿತ್ತು, ಜನ ಮರುಳಾದದ್ದು ಅದಕ್ಕೇ. ಆದರೆ ಡಿಎಸ್‌ಜಿ ಗೇರ್‌ಬಾಕ್ಸಿನ ತೊಂದರೆಗಾಗಿ ಚೀನಾದಲ್ಲಿ 2013ರಲ್ಲಿ ಕಂಪನಿ 3 ಲಕ್ಷ 80 ಸಾವಿರಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಯಬೇಕಾಯಿತು. ಹಾಗೆಂದು ಎಲ್ಲ ಡಿಎಸ್‌ಜಿಯೂ ಕೆಡುತ್ತದೆ ಎಂದಲ್ಲ. ಕೆಟ್ಟರೆ ತಾಲ್ಲೂಕು ಕೇಂದ್ರದಲ್ಲಿ ಸರಿಮಾಡುವ ಕೈ ಸಿಗುವುದಿಲ್ಲ ಎಂಬುದು ನಮ್ಮ ಚಿಂತೆ. ಕೈಯಲ್ಲಿ ಹಾಕುವ ಗೇರಿನ ಕಾರಿಗೆ ಆ ಚಿಂತೆ ಇಲ್ಲ. ಮೇಲಾಗಿ, ಓಡಿಸುವ ಸುಖವೇ ಬೇಕೆನ್ನುವವರು ಗೇರ್ ಹಾಕುವ ಸುಖವನ್ನು ಏಕೆ ಬಿಡಬೇಕು?

ಕಾಗದದ ಮೇಲೆ ಎರಡು ಕಾರು

ಇನ್ನು ದುಡ್ಡು. ಗೆಳೆಯರ ಜತೆ ಕೂತು ಎರಡು ಸೆಕೆಂಡ್ ಹ್ಯಾಂಡ್ ಕಾರುಗಳ ತಿಂಗಳ ಖರ್ಚನ್ನು ನೋಟ್‌ಬುಕ್ಕಿನಲ್ಲಿ ಬರೆದೆವು. ಮೊದಲನೆಯದು ನಾಲ್ಕೂವರೆ ಲಕ್ಷದ, ಟರ್ಬೊ ಇಲ್ಲದ 1.2 ಲೀಟರ್ ಕಾರು. ಎರಡನೆಯದು ಏಳೂವರೆ ಲಕ್ಷದ, 1.0 ಲೀಟರ್ ಟರ್ಬೊ ಕಾರು. ಎರಡಕ್ಕೂ ಕೈಯಿಂದ ಒಂದೂವರೆ ಲಕ್ಷ, ಉಳಿದದ್ದು 11% ಬಡ್ಡಿಯ ಐದು ವರ್ಷದ ಸಾಲ. ತಿಂಗಳಿಗೆ 800 ಕಿ.ಮೀ. ಓಟ, ಲೀಟರ್ ಪೆಟ್ರೋಲಿಗೆ 103 ರೂಪಾಯಿ ಎಂದು ಹಿಡಿದೆವು. ಸರ್ವಿಸ್, ಟೈರಿನಂಥವು ನಮ್ಮ ಅಂದಾಜು, ನಿಮ್ಮ ಕಾರಿಗೆ ತಕ್ಕಂತೆ ಬದಲಿಸಿಕೊಳ್ಳಿ.

ಕಂತು: ಮೊದಲನೆಯದಕ್ಕೆ 6,523 ರೂಪಾಯಿ, ಎರಡನೆಯದಕ್ಕೆ 13,045.
ಪೆಟ್ರೋಲ್: ಲೀಟರಿಗೆ 18 ಕಿ.ಮೀ.ಯಂತೆ 4,600, 13 ಕಿ.ಮೀ.ಯಂತೆ 6,300.
ವಿಮೆ: 900, 1,300.
ಸರ್ವಿಸ್: 700, 1,500.
ಟೈರು, ಬ್ರೇಕಿಗೆ ತೆಗೆದಿಡುವುದು: 500, 900.
ಹೇಳದೆ ಬರುವ ರಿಪೇರಿಗೆ: 1,000, 2,000.

ಮೊತ್ತ: ಮೊದಲನೆಯದು ಸುಮಾರು 14,200 ರೂಪಾಯಿ, ಎರಡನೆಯದು ಸುಮಾರು 25,000.

ಕಾರಿನ ಬೆಲೆಯಲ್ಲಿ ಇದ್ದ ಅಂತರ ಮೂರು ಲಕ್ಷ ಅಷ್ಟೇ. ಆದರೆ ಐದು ವರ್ಷ ಸಾಕಿ ಮುಗಿಸುವಷ್ಟರಲ್ಲಿ ಅಂತರ ಆರೂವರೆ ಲಕ್ಷ ಸಮೀಪಿಸುತ್ತದೆ. 25 ಸಾವಿರ ಸಂಬಳದ ಮೊದಲ ಕೆಲಸ ಹಿಡಿದವನಿಗೆ ಎರಡನೇ ಕಾರು ಪೂರ್ತಿ ಸಂಬಳವನ್ನೇ ನುಂಗುತ್ತದೆ. ಬಾಡಿಗೆ ಕೋಣೆ, ಮೆಸ್ಸು, ಮನೆಗೆ ಕಳಿಸುವ ದುಡ್ಡು ಎಲ್ಲಿಂದ ಬರಬೇಕು?

ಮೊದಲನೇ ಕಾರು ಕೂಡ ಅವನಿಗೆ ಭಾರವೇ. ಕೈಗೆ ಬರುವ ಸಂಬಳದ ಕಾಲು ಭಾಗಕ್ಕಿಂತ ಹೆಚ್ಚು ಕಾರಿಗೆ ಹೋಗಬಾರದು ಎಂಬುದು ನಾನು ಹಾಕಿಕೊಂಡ ಮಿತಿ. ಹಾಗೆ ನೋಡಿದರೆ ಮೊದಲನೇ ಕಾರಿಗೇ 57 ಸಾವಿರ ಸಂಬಳ ಬೇಕು. ಹಾಗಾದರೆ ಕಡಿಮೆ ಸಂಬಳದವರು ಏನು ಮಾಡಬೇಕು? ಕಂತು ಕಟ್ಟಲು ಸಿದ್ಧರಿದ್ದ 6,500 ರೂಪಾಯಿಯನ್ನು ಮೂರು ವರ್ಷ ತಮ್ಮದೇ ಖಾತೆಗೆ ಕಟ್ಟಿಕೊಳ್ಳಲಿ. 2 ಲಕ್ಷ 34 ಸಾವಿರ ಆಗುತ್ತದೆ. ಕೈಯಲ್ಲಿದ್ದ ಒಂದೂವರೆ ಲಕ್ಷ ಸೇರಿಸಿದರೆ ಸಾಲವಿಲ್ಲದೆ ಒಂದು ಒಳ್ಳೆಯ ಹಳೆ ಕಾರು ಬರುತ್ತದೆ. ಆಗ ಅದನ್ನು ಸಾಕುವ ಖರ್ಚು ತಿಂಗಳಿಗೆ ಏಳೆಂಟು ಸಾವಿರ ಮಾತ್ರ. ಮೂರು ವರ್ಷ ಕಾಯುವುದು ಕಷ್ಟ, ಒಪ್ಪುತ್ತೇನೆ. ಐದು ವರ್ಷ ಅಪ್ಪನ ಮುಖ ನೋಡಲು ಆಗದಿರುವುದು ಅದಕ್ಕಿಂತ ಕಷ್ಟ.

ಹೊಸ ಕಾರು ಕೊಳ್ಳಬಲ್ಲವರಿಗೂ ಒಂದು ಮಾತು. ಕರ್ನಾಟಕದ ಆಜೀವ ತೆರಿಗೆ 5ರಿಂದ 10 ಲಕ್ಷದ ಕಾರಿಗೆ 14%, 10 ಲಕ್ಷ ದಾಟಿದರೆ 17%, ಅದರ ಮೇಲೆ ಸೆಸ್. 9.9 ಲಕ್ಷದ ಕಾರಿಗೂ 10.1 ಲಕ್ಷದ ಕಾರಿಗೂ ಬೆಲೆಯಲ್ಲಿ 20 ಸಾವಿರ ವ್ಯತ್ಯಾಸವಾದರೆ, ತೆರಿಗೆಯಲ್ಲೇ 33 ಸಾವಿರ ವ್ಯತ್ಯಾಸ. ಟರ್ಬೊ ಕಾರಿನ ಮೇಲಿನ ಮಾದರಿಗಳು ನಿಲ್ಲುವುದು ಸರಿಯಾಗಿ ಈ ಗಡಿಯ ಆಚೀಚೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ನಮ್ಮಲ್ಲಿ ಹೆಚ್ಚಿನವರ ಮೊದಲ ಕಾರು ಸೆಕೆಂಡ್ ಹ್ಯಾಂಡೇ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ವಿಮೆಯವರ ಲೆಕ್ಕದಲ್ಲೇ ನಾಲ್ಕು ವರ್ಷ ದಾಟಿ ಐದನೇ ವರ್ಷ ನಡೆಯುತ್ತಿರುವ ಕಾರಿನ ಬೆಲೆ ಅರ್ಧಕ್ಕೆ ಇಳಿದಿರುತ್ತದೆ. ಆ ಇಳಿಕೆಯ ಪೆಟ್ಟನ್ನು ಮೊದಲ ಮಾಲೀಕ ತಿಂದಿರುತ್ತಾನೆ. ನಾವು ಮಾಡಬೇಕಾದದ್ದು ಸರಿಯಾಗಿ ನೋಡಿ ಕೊಳ್ಳುವುದು.

ಕಾರನ್ನು ಮುಂಜಾನೆ, ಎಂಜಿನ್ ತಣ್ಣಗಿರುವಾಗ ನೋಡಿ. ಮಾರುವವರು ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ. ಚಾಲೂ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಟರ್ಬೊ ಕಾರಾದರೆ ಸರ್ವಿಸ್ ದಾಖಲೆ ಪೂರ್ತಿ ಇಲ್ಲದೆ ಮುಟ್ಟಲೇಬೇಡಿ. ಓಬಿಡಿ ಸ್ಕ್ಯಾನರ್ ಇರುವ ಮೆಕ್ಯಾನಿಕ್‌ನನ್ನು ಕರೆದೊಯ್ದರೆ ಅಳಿಸಿ ಮುಚ್ಚಿಟ್ಟ ದೋಷಗಳೂ ಕೆಲವೊಮ್ಮೆ ಸಿಗುತ್ತವೆ. ಬಾಗಿಲಿನ ರಬ್ಬರ್ ಸರಿಸಿ, ಬಾನೆಟ್ ಬೋಲ್ಟಿನ ಬಣ್ಣ ನೋಡಿ. ಅಪಘಾತದ ಗುರುತು ಅಲ್ಲಿ ಉಳಿದಿರುತ್ತದೆ.

ಕಂಪನಿ ವಾಪಸ್ ಕರೆದ ಕಾರೇ ಎಂದು ಚಾಸಿ ನಂಬರ್ ಹಾಕಿ ವಿಚಾರಿಸಿ. ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪಿನ ದೋಷದ ಅನುಮಾನದಿಂದ 2023ರಲ್ಲಿ 7,213 ಬಲೆನೊ ಆರ್‌ಎಸ್ ಕಾರುಗಳನ್ನು ಮಾರುತಿ ವಾಪಸ್ ಕರೆಯಿತು. 2016ರ ಅಕ್ಟೋಬರ್‌ನಿಂದ 2019ರ ನವೆಂಬರ್ ಮೊದಲ ದಿನದವರೆಗೆ ತಯಾರಾದ ಕಾರುಗಳವು. ಈಗ ಆರ್‌ಎಸ್ ಕೊಳ್ಳುವವರು ಆ ಕೆಲಸ ಮಾಡಿಸಿದ್ದಾರೆಯೇ ಎಂಬ ಒಂದು ಪ್ರಶ್ನೆ ಕೇಳಿದರೆ ಸಾಕು.

ಕಾಗದಪತ್ರದಲ್ಲಿ ಆಲಸ್ಯ ಬೇಡ. ಹೆಸರು ವರ್ಗಾವಣೆಗೆ ಫಾರ್ಮ್ 29, 30. ಹಳೆ ಸಾಲವಿದ್ದರೆ ಬ್ಯಾಂಕಿನ ಫಾರ್ಮ್ 35 ಮತ್ತು ಎನ್ಒಸಿ. ಗೋವಾ, ಮಹಾರಾಷ್ಟ್ರ, ದಿಲ್ಲಿ ನಂಬರಿನ ಕಾರು ಅಗ್ಗವಾಗಿ ಸಿಗುತ್ತದೆಂದು ಹೋಗುವವರು ಬಹಳ. ಹನ್ನೆರಡು ತಿಂಗಳಿಗಿಂತ ಹೆಚ್ಚು ಬೇರೆ ರಾಜ್ಯದಲ್ಲಿಟ್ಟ ಕಾರನ್ನು ಅಲ್ಲಿ ಮರುನೋಂದಣಿ ಮಾಡಿಸಲೇಬೇಕು. ಕಾರಿಗೆ ಕೆಎ 27 ನಂಬರ್ ಬರುವಷ್ಟರಲ್ಲಿ ಎನ್ಒಸಿ, ತೆರಿಗೆ, ಓಡಾಟ ಸೇರಿ ಆ ಅಗ್ಗ ಕರಗಿರುತ್ತದೆ.

ವೇಗಕ್ಕಿಂತ ಮೊದಲು ಜೀವ

ನಮ್ಮ ಹಾಸ್ಟೆಲ್ ಚರ್ಚೆಯಲ್ಲಿ ಎಂದೂ ಬಾರದ ಮಾತು ಸುರಕ್ಷತೆ. ಹಗುರ ಕಾರನ್ನು ಇಷ್ಟು ಹೊತ್ತು ಹೊಗಳಿದ ನಾನೇ ಅದರ ಇನ್ನೊಂದು ಮುಖವನ್ನೂ ಹೇಳಬೇಕು. 2022ರಲ್ಲಿ ಗ್ಲೋಬಲ್ ಎನ್‌ಸಿಎಪಿ ಪರೀಕ್ಷೆಯಲ್ಲಿ ಆಗಿನ ಸ್ವಿಫ್ಟ್‌ಗೆ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕಿದ್ದು ಒಂದೇ ಸ್ಟಾರ್. ಅದೇ ವರ್ಷ ಐ20ಗೆ ಮೂರು. ಪೋಲೊಗೆ 2014ರಲ್ಲೇ ನಾಲ್ಕು. ಆಲ್ಟ್ರೋಜ್‌ಗೆ 2020ರಲ್ಲಿ ಐದು. ಪರೀಕ್ಷೆಯ ನಿಯಮಗಳು 2022ರಲ್ಲಿ ಬಿಗಿಯಾದ್ದರಿಂದ ಹಳೆ ಸ್ಟಾರನ್ನೂ ಹೊಸ ಸ್ಟಾರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಒಂದಕ್ಕೂ ಐದಕ್ಕೂ ಇರುವ ದೂರ ಸಣ್ಣದಲ್ಲ.

ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಚಾಲಕನ ಏರ್‌ಬ್ಯಾಗ್ ಅದೇ ಜುಲೈನಿಂದ. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಮಾದರಿಗಳಿಗೂ ಬಂದದ್ದು 2021ರ ಕೊನೆಗೆ. ಅದಕ್ಕೂ ಹಿಂದಿನ ಕಾರಿನ ಕೆಳ ಮಾದರಿ ನೋಡುವಾಗ ಇವೆಲ್ಲ ಇವೆಯೇ ಎಂದು ಕೈಯಿಂದ ಮುಟ್ಟಿ ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಬಣ್ಣ ಎಷ್ಟೇ ಚೆನ್ನಾಗಿರಲಿ, ಬಿಟ್ಟು ಬನ್ನಿ.

ಸೈಲೆನ್ಸರ್ ಬದಲಿಸಿ ಗುಡುಗಿಸುವ, ಎಂಜಿನ್ನಿನ ಸಾಫ್ಟ್‌ವೇರ್ ತಿದ್ದಿ ಶಕ್ತಿ ಹೆಚ್ಚಿಸುವ ಚಟವೂ ತಾಲ್ಲೂಕುಗಳಿಗೆ ಬಂದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ವಾಹನ ತಿದ್ದುವುದನ್ನು ನಿಷೇಧಿಸುತ್ತದೆ. ಅಂಥ ಒಂದೊಂದು ತಿದ್ದುಪಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಬೀಳಬಹುದು. ವಾರಂಟಿ ಹೋಗುತ್ತದೆ, ಅಪಘಾತವಾದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಆ ದುಡ್ಡಿನಲ್ಲಿ ನಾಲ್ಕು ಒಳ್ಳೆಯ ಟೈರು, ಹೊಸ ಬ್ರೇಕ್ ಪ್ಯಾಡು ಹಾಕಿಸಿ. ಕಾರು ನಿಜಕ್ಕೂ ಸ್ಪೋರ್ಟಿ ಆಗುವುದು ಅದರಿಂದ.

ಮಧ್ಯೆ ವಿಭಜಕ ಇರುವ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದ ಗರಿಷ್ಠ ಮಿತಿ ಗಂಟೆಗೆ 100 ಕಿ.ಮೀ. 82 ಪಿಎಸ್ ಕಾರೂ ಆ ವೇಗವನ್ನು ಸಲೀಸಾಗಿ ಮುಟ್ಟುತ್ತದೆ. ಅದರಾಚೆಯ ವೇಗ ಬೇಕೆನ್ನುವವರಿಗೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ ಇದೆ, ನಮ್ಮದೇ ರಾಜ್ಯದಲ್ಲಿ ಕೆ-1000 ರ‍್ಯಾಲಿ ನಡೆಯುತ್ತದೆ. ಎಂಜಿನಿಯರಿಂಗ್ ಓದುವವರಿಗೆ ಬಾಹಾ, ಸುಪ್ರಾ ಸ್ಪರ್ಧೆಗಳಿವೆ, ಅಲ್ಲಿ ಕಾರನ್ನು ನಾವೇ ಕಟ್ಟಿ ನಾವೇ ಓಡಿಸಬಹುದು. ಬಂಕಾಪುರದ ಸರ್ವಿಸ್ ರಸ್ತೆಯಲ್ಲಿ ಎತ್ತಿನಗಾಡಿ, ಶಾಲೆಯ ಮಕ್ಕಳು, ಕುರಿ ಹಿಂಡು ಓಡಾಡುತ್ತವೆ. ಅದು ಟ್ರ್ಯಾಕ್ ಅಲ್ಲ.

ಕೊನೆಗೆ ಯಾವುದು?

ಇಷ್ಟೆಲ್ಲ ಹೇಳಿ ಹೆಸರು ಹೇಳದಿದ್ದರೆ ಗೆಳೆಯರು ಬಿಡುವುದಿಲ್ಲ. ಶಿಗ್ಗಾಂವಿಯಂತೆ ಹೆದ್ದಾರಿಗೆ, ಹುಬ್ಬಳ್ಳಿಗೆ ಹತ್ತಿರವಿದ್ದು, ಸಂಬಳ ಗಟ್ಟಿಯಾಗಿದ್ದವರು 2020ರ ನಂತರದ 1.0 ಲೀಟರ್ ಪೋಲೊ ಟಿಎಸ್‌ಐ ಅಥವಾ ಮಾರುತಿ ಫ್ರಾಂಕ್ಸ್ ಟರ್ಬೊ ನೋಡಬಹುದು, ಎರಡರಲ್ಲೂ ಕೈ ಗೇರಿನದು, ಪೂರ್ತಿ ಸರ್ವಿಸ್ ದಾಖಲೆ ಇರುವುದು. ಹಾನಗಲ್, ಸವಣೂರು, ಹಿರೇಕೆರೂರಿನವರಿಗೆ ಟರ್ಬೊ ಇಲ್ಲದ ಸ್ವಿಫ್ಟ್ ಅಥವಾ ಆಲ್ಟ್ರೋಜ್ ಸಾಕು. ಓಡಿಸುವ ಖುಷಿಯಲ್ಲಿ, ಊರ ಗ್ಯಾರೇಜಿನಲ್ಲೇ ಸರಿಹೋಗುವ ಗುಣದಲ್ಲಿ ಸ್ವಿಫ್ಟ್ ಮುಂದು. ಗಟ್ಟಿತನದಲ್ಲಿ ಆಲ್ಟ್ರೋಜ್ ಮುಂದು.

ನಾನು ಆರಿಸುವುದಾದರೆ ಆಲ್ಟ್ರೋಜ್, ಅದೂ ಕೆಲಸ ಸಿಕ್ಕು ಮೂರು ವರ್ಷ ದುಡ್ಡು ಕೂಡಿಟ್ಟ ಮೇಲೆ. ಅದು ಸ್ವಿಫ್ಟ್‌ನಷ್ಟು ಚುರುಕಲ್ಲ ಎಂದು ಗೊತ್ತು. ಆದರೆ ನಮ್ಮ ಊರುಗಳಲ್ಲಿ ಕಾರು ಒಬ್ಬನದಾಗಿ ಉಳಿಯುವುದಿಲ್ಲ. ಅದರಲ್ಲಿ ಅವ್ವ ತವರಿಗೆ ಹೋಗುತ್ತಾಳೆ, ಅಪ್ಪ ಆಸ್ಪತ್ರೆಗೆ ಹೋಗುತ್ತಾನೆ, ಅಕ್ಕನ ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗುತ್ತವೆ. ಅವರನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವಾಗ ಒಂದೆರಡು ಸೆಕೆಂಡು ನಿಧಾನವಾದರೂ ಚಿಂತೆಯಿಲ್ಲ. ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಈಗ ಬೇಕಾದದ್ದು ಒಂದು ನೋಟ್‌ಬುಕ್ ಮತ್ತು ಪೆನ್ನು. ಇಷ್ಟದ ಕಾರಿನ ಹೆಸರು ಮೇಲೆ ಬರೆಯಿರಿ, ಅದರ ಕೆಳಗೆ ಆರು ಸಾಲು ಖರ್ಚು ಬರೆಯಿರಿ, ಕೂಡಿಸಿ. ಆ ಮೊತ್ತವನ್ನು ಅಪ್ಪನ ಮುಂದೆ ಗಟ್ಟಿಯಾಗಿ ಓದಿ ಹೇಳಬಲ್ಲಿರಾದರೆ, ಆ ಕಾರು ನಿಮ್ಮದು.